ಸೋತವನ ಮನೆಗೆ ಬಂದ ಶಾಸಕ

"ಬಾಗಿಲಲ್ಲಿ ಯಾರು ನಿಂತಿರೋದು ನೋಡು," ಎಂದಳು ಹೆಂಡತಿ ಮಾರ್ಗೆಡ್. "ನಿನ್ನನ್ನ ಸೋಲಿಸಿದ ಮಹಾರಾಯ."

ಬೂಟಿಗೆ ಎಣ್ಣೆ ಹಚ್ಚುತ್ತಿದ್ದ ಇಡ್ವಲ್ ಪ್ರಾಥರೋ ತಲೆ ಎತ್ತಲಿಲ್ಲ. ಹತ್ತು ವರ್ಷ ಅವನು ಈ ಊರಿನ ಪರವಾಗಿ ಅಮೆರಿಕದ ವರ್ಮಾಂಟ್ ರಾಜ್ಯದ ಶಾಸನಸಭೆಯಲ್ಲಿ ಕೂತಿದ್ದ. ಸಭೆ ಇಲ್ಲದ ತಿಂಗಳುಗಳಲ್ಲಿ ಸ್ಲೇಟುಕಲ್ಲಿನ ಗಣಿಯಲ್ಲಿ ಕಲ್ಲು ಸೀಳುವ ಹಳೆಯ ಕಸುಬು. ಗಣಿಯಲ್ಲಿ ಕೈಕಾಲು ಕಳೆದುಕೊಂಡವರಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಮಸೂದೆಯನ್ನು ಎರಡು ಸಲ ತಂದಿದ್ದ. ಎರಡು ಸಲವೂ ಬಿದ್ದುಹೋಗಿತ್ತು. ಈ ಸಲ ಪಾಸಾಗುತ್ತದೆ ಎಂದುಕೊಂಡಿದ್ದ. ಅಷ್ಟರಲ್ಲಿ ಮೊನ್ನೆಯ ಚುನಾವಣೆಯಲ್ಲಿ ಹಾಲು ಮಾರುವ ರೈತರೆಲ್ಲ ಒಟ್ಟಾಗಿ ಲೂಥರ್ ಪೆಕ್‌ಗೆ ಓಟು ಹಾಕಿದರು.

ಪೆಕ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಚಿಕ್ಕ ವಯಸ್ಸು. ಕೊಟ್ಟಿಗೆಯ ವಾಸನೆಯೂ ಅವನ ಜೊತೆಗೇ ಬಂತು.

"ಪ್ರಾಥರೋ ಅವರೇ, ನೀವು ಹಾಲಿನ ಮೇಲೆ ತೆರಿಗೆ ಹಾಕಿಸ್ತೀರಿ ಅಂತ ಸುದ್ದಿ ಎದ್ದಿತ್ತಲ್ಲ, ಅದು ಸುಳ್ಳು ಅಂತ ನಂಗೆ ಗೊತ್ತಿತ್ತು."

"ಗೊತ್ತಿದ್ದೂ ನೀನು ಬಾಯಿ ಮುಚ್ಕೊಂಡಿದ್ದೆ," ಎಂದ ಇಡ್ವಲ್.

"ಹೌದು."

"ಗೆದ್ದ ಮೇಲೆ ನಿಜ ಹೇಳೋಕೆ ಏನು ಖರ್ಚಯ್ಯಾ!" ಮಾರ್ಗೆಡ್ ಕೆಟಲನ್ನು ಒಲೆಯ ಮೇಲೆ ಕುಕ್ಕಿದಳು.

ಪೆಕ್‌ನ ಕಿವಿ ಕೆಂಪಾಯಿತು. "ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ಎದ್ದು ಹೇಳ್ತೀನಿ. ಇನ್ನೊಂದು... ನಿಮ್ಮ ಮಸೂದೆ ಮತ್ತೆ ಬಂದ್ರೆ ನಾನು ಯಾವ ಕಡೆ ನಿಲ್ಲಬೇಕೋ ತಿಳೀತಿಲ್ಲ."

'ಹಾಳಾಗಿ ಹೋಗು' ಎಂಬ ಮಾತು ಇಡ್ವಲ್‌ನ ನಾಲಿಗೆಯ ತುದಿಗೆ ಬಂದಿತ್ತು. ಕಳೆದ ಸಲ ಮಸೂದೆಯನ್ನು ಬೀಳಿಸಿದ್ದು ಸಭೆಯಲ್ಲಿದ್ದ ಇಂಥ ನಾಲ್ಕಾರು ರೈತ ಶಾಸಕರ ಓಟು. ಆದರೆ ಅವರಲ್ಲಿ ಒಬ್ಬನೂ ಹೀಗೆ ಮನೆಗೆ ಬಂದು ಕೇಳಿರಲಿಲ್ಲ.

"ಗಣಿ ನೋಡಿದೀಯಾ?"

"ದಾರಿಯಿಂದ."

ಇಡ್ವಲ್ ಬೂಟಿನ ದಾರ ಬಿಗಿದ. "ನಡಿ."

ಗಣಿಯ ಅಂಚಿನಲ್ಲಿ ಉಕ್ಕಿನ ಹಗ್ಗಕ್ಕೆ ಆಳುಗಳನ್ನು ಕೆಳಗಿಳಿಸುವ ಮರದ ತೊಟ್ಟಿಯೊಂದು ನೇತಾಡುತ್ತಿತ್ತು. ಪೆಕ್ ಕೆಳಗೆ ಬಗ್ಗಿ ನೋಡಿದ. "ಇದಕ್ಕೆ ನಮ್ಮ ಹಸೂನೂ ಹತ್ತಲ್ಲ."

"ಹಸುವಿಗೆ ಬುದ್ಧಿ ಇದೆ. ಹತ್ತು."

ಅರ್ಧ ಇಳಿಯುವಷ್ಟರಲ್ಲಿ ಗಾಳಿಗೆ ತೊಟ್ಟಿ ಗಿರ್ರನೆ ತಿರುಗಿತು. ಪೆಕ್ ಇಡ್ವಲ್‌ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಡ್ವಲ್ ಬಿಡಿಸಿಕೊಳ್ಳಲಿಲ್ಲ.

ಕೆಳಗೆ ಮಧ್ಯಾಹ್ನದ ಊಟಕ್ಕೆ ಕೂತಿದ್ದವರು ಪೆಕ್‌ನನ್ನು ಕಂಡು ಮಾತು ನಿಲ್ಲಿಸಿದರು.

"ಇವನನ್ನ ಯಾಕೆ ಕರ್ಕೊಂಡು ಬಂದೆ, ಇಡ್ವಲ್?" ಎಂದ ಎಮ್ರಿಸ್. ಬಂಡೆ ಉರುಳಿ ಎಡಗೈ ಹೋದಮೇಲೆ ಅವನಿಗೆ ಸಿಕ್ಕಿದ್ದು ಗಂಟೆ ಬಾರಿಸುವ ಕೆಲಸ, ಅರ್ಧ ಸಂಬಳ.

"ಇವನು ನಮ್ಮೂರಿನ ಶಾಸಕ." ಆ ಮಾತು ಅಷ್ಟು ಸಲೀಸಾಗಿ ಬಂದದ್ದು ಕಂಡು ಇಡ್ವಲ್‌ಗೇ ಆಶ್ಚರ್ಯವಾಯಿತು. "ಕೇಳೋಕೆ ಬಂದಿದ್ದಾನೆ. ಹೇಳ್ರಪ್ಪಾ."

ಪೆಕ್ ಟೋಪಿ ತೆಗೆದು ನಿಂತೇ ಇದ್ದ. ಕೊನೆಗೆ ಎಮ್ರಿಸ್ ಕೂತಿದ್ದ ಕಲ್ಲಿನ ಮೇಲೆ ಒಂಚೂರು ಸರಿದು ಜಾಗ ಮಾಡಿದ. ಚಹಾದ ಡಬ್ಬಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಇದ್ದೊಂದು ಕೈಯಿಂದ ಮುಚ್ಚಳ ತಿರುಗಿಸಿ, ಅದರಲ್ಲೇ ಬಿಸಿ ಚಹಾ ಬಗ್ಗಿಸಿ ಪೆಕ್ ಕಡೆ ಚಾಚಿದ.