ಹೆಸರು ಕೇಳಿದ ಕಿವಿ

ಶನಿವಾರ ತಮ್ಮನನ್ನು ಮಣ್ಣು ಮಾಡಬೇಕು, ಡಲ್ಸಿಗೆ ಹಾಡು ಬರದು. ತಮ್ಮ ಮಣ್ಣಿಗಿಳಿಯುವಾಗ ಅಕ್ಕ ಹಾಡಿ ದಾರಿ ತೋರಿಸದಿದ್ದರೆ ಅವನು ತನ್ನ ಕುಲದ ಹೊಳೆ ಸೇರದೆ ಅಲೆಯುತ್ತಾನೆ. ಆ ಹಾಡು ಗೊತ್ತಿದ್ದದ್ದು ಹಿರಿಯಕ್ಕನಿಗೆ. ಅವಳು ತೀರಿಹೋಗಿ ಎಂಟು ತಿಂಗಳು. ಕಲಿಯುವ ವಯಸ್ಸಿನಲ್ಲಿ ಡಲ್ಸಿ ಬಿಳಿಯರ ಮಿಷನ್ನಿನ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ತಾಯಿಮಾತು ಆಡಿದರೆ ಬಾಯಿಗೆ ಸಾಬೂನು ತುರುಕುತ್ತಿದ್ದರು.

ಅಕ್ಕನ ಹಾಡನ್ನು ಹಿಂದೆ ಯಾವಾಗಲೋ ಯೂನಿವರ್ಸಿಟಿಯವರು ಟೇಪಿಗೆ ಹಿಡಿದಿದ್ದರು. ಈಗ ಅದು ಪಟ್ಟಣದ ಲೈಬ್ರರಿಯ ಕಂಪ್ಯೂಟರಿನಲ್ಲಿದೆ. ಗುರುವಾರ ತಮ್ಮನ ಮಗಳ ಕಾರಿನಲ್ಲಿ ಏಳು ಗಂಟೆ ಕೂತು ಬಂದಳು.

"ಯಾರ ರೆಕಾರ್ಡಿಂಗ್ ಬೇಕು ಆಂಟಿ? ಹೆಸರು ಹೇಳಿ," ಎಂದಳು ಲೈಬ್ರರಿಯ ಟೆಸ್ಸಾ.

ಡಲ್ಸಿ ತಮ್ಮನ ಮಗಳ ಕಡೆ ನೋಡಿದಳು. ಹೊಗೆ ಹಾಕಿ ಸೂತಕ ಕಳೆಯುವ ತನಕ ಸತ್ತವರ ಹೆಸರು ಆಡಬಾರದು, ಕೇಳಲೂಬಾರದು. ಅಕ್ಕನ ಸೂತಕ ಇನ್ನೂ ಕಳೆದಿಲ್ಲ. ಕೇಳಿದವರು ಆ ಮನೆಯವರ ಯಾವ ಗೋರಿಯ ಹತ್ತಿರವೂ ಸುಳಿಯುವಂತಿಲ್ಲ.

"ಹೆಸರಿಲ್ದೆ ಹೇಗೆ ಹುಡುಕ್ಲಿ? ಆರುನೂರು ಟೇಪ್ ಇದಾವೆ."

ತಮ್ಮನ ಮಗಳಿಗೂ ಅಕ್ಕನ ಹೆಸರನ್ನೇ ಇಟ್ಟಿದ್ದರು. ಅಕ್ಕ ಸತ್ತಂದಿನಿಂದ ಅವಳನ್ನೂ ಎಲ್ಲರೂ 'ಹೆಸರಿಲ್ಲದವಳೇ' ಎಂದೇ ಕರೆಯುವುದು. ಅವಳು ಡ್ರೈವಿಂಗ್ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು.

"ಇದೇ ಹೆಸರು. ಓದ್ಬೇಡಿ. ಟೈಪ್ ಮಾಡಿ, ಸಾಕು."

"ಪೊಲೀಸ್ನೋರಿಗೆ ತೋರ್ಸೋದು ಬಿಟ್ರೆ ಇವತ್ತೇ ಕಣೇ ಅದು ಉಪಯೋಗಕ್ಕೆ ಬಂದಿದ್ದು," ಎಂದಳು ಡಲ್ಸಿ.

ಟೆಸ್ಸಾ ಹುಡುಕಿದಳು. "ತೀರಿಹೋದವ್ರ ದನಿ ಇರಬಹುದು ಅಂತ ಎಚ್ಚರಿಕೆ ಬರ್ತಿದೆ ಆಂಟಿ."

"ಇರಬಹುದು ಏನ್ ಬಂತು ಮಗಾ, ಅದಕ್ಕೇ ತಾನೇ ಬಂದಿರೋದು. ಹಾಕು."

ಅಕ್ಕನ ಹರೆಯದ ದನಿ ಬಂತು. ಹಾಡಲ್ಲ, ಮಾತು. ಹಾಡಿಗೆ ಮುಂಚೆ ತಾನು ಯಾರೆಂದು ಅವಳಿಂದ ಹೇಳಿಸಿದ್ದರು. ತಮ್ಮವರು ಹೇಳುವ ಕ್ರಮ ಡಲ್ಸಿಗೆ ಗೊತ್ತು: ಮೊದಲು ಹೊಳೆ, ಆಮೇಲೆ ತಾಯಿ, ಕೊನೆಗೆ ಹೆಸರು. ಹೊಳೆ ಆಯಿತು. ತಾಯಿ ಆಯಿತು. ನಿಲ್ಲಿಸು ಎನ್ನುವಷ್ಟು ಹೊತ್ತಿರಲಿಲ್ಲ. ಎರಡು ಅಂಗೈಯನ್ನೂ ತಮ್ಮನ ಮಗಳ ಕಿವಿಗೆ ಒತ್ತಿ ಹಿಡಿದಳು. ತನ್ನ ಕಿವಿ ಮುಚ್ಚಲು ಮೂರನೆಯ ಕೈ ಇರಲಿಲ್ಲ.

ಹೆಸರು ಬಂತು, ಹೋಯಿತು. ಹಾಡು ಶುರುವಾಯಿತು.

"ನಿಂಗೆ ಕೇಳಿಸ್ಲಿಲ್ಲ ತಾನೇ?"

"ಇಲ್ಲ. ಅತ್ತೆ, ನಿಂಗೆ?"

"ಕಿವಿಗೆ ಬಿದ್ದಿದ್ದು ಬಿತ್ತು. ಶನಿವಾರ ಅಪ್ಪನ ಗೋರಿ ಹತ್ರ ನೀನು ನಿಂತ್ಕೋ. ಈಗ ಹೊರಗೆ ಹೋಗಿ ಟೀ ಕುಡಿ, ಹೋಗು."

ಲೈಬ್ರರಿ ಮುಚ್ಚುವ ತನಕ ಡಲ್ಸಿ ಅದನ್ನೇ ಹಾಕಿಸಿಕೊಂಡು ಕೇಳಿದಳು. ಅಳಲಿಲ್ಲ, ಅಳುತ್ತ ಕೂತರೆ ಕಲಿಯುವುದು ಯಾವಾಗ?

ಬಾಯಿ ಬಿಡದಿದ್ದರೆ ಊರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹಿರಿಯರ ಮುಂದೆ ಅವಳೇ ಹೋಗಿ ಹೇಳಿದಳು. ಅವರು ಬೈಯಲಿಲ್ಲ, ತಲೆ ತಗ್ಗಿಸಿದರು.

ಶನಿವಾರ ಸ್ಮಶಾನದ ತಂತಿಬೇಲಿಯ ಹೊರಗೆ ನಿಂತು ಹಾಡಿದಳು. ಗಾಳಿ ಎದುರಿಗಿತ್ತು. ತಮ್ಮನ ಮಗಳು ಗೋರಿಯ ಅಂಚಿನಲ್ಲಿದ್ದಳು, ಒಮ್ಮೆಯೂ ಇತ್ತ ತಿರುಗಲಿಲ್ಲ, ಹೆಸರು ಕೇಳಿದವರ ಕಡೆ ತಿರುಗಬಾರದು. ಗಂಡಸರು ಮಣ್ಣೆಳೆದರು. ಎಲ್ಲರೂ ಇನ್ನೊಂದು ಗೇಟಿನಿಂದ ಹೊರಟುಹೋದರು.

ತಮ್ಮನಿಗೆ ಕೇಳಿಸಿತೋ ಇಲ್ಲವೋ. ಡಲ್ಸಿ ಮತ್ತೆ ಮೊದಲಿನಿಂದ ಶುರುಮಾಡಿದಳು.