ಬೆನ್ನಿನ ಮೇಲಿನ ಗೆರೆ

ಉತ್ತರಕ್ರಿಯೆ ಮುಗಿದು ಊರಿನ ನೆಂಟರೆಲ್ಲ ಅಂದೇ ಸಂಜೆಯ ಬಸ್ಸು ಹತ್ತಿದ್ದರು. ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಪಾಕೀಟು ನೇತುಹಾಕಿ ಹೋದ. ಮುಂಬಯಿ ಪಕ್ಕದ ಠಾಣೆ ಪಟ್ಟಣ, ವರ್ತಕ ನಗರದ ಆ ಕಟ್ಟಡದಲ್ಲಿ ನೀರು ಬರುವ ಹೊತ್ತು. ಮೇಲಿನ ಮನೆಯ ಬಕೆಟ್ಟು ಸದ್ದು ಮಾಡುತ್ತಿತ್ತು. ನಿಶ್ಮಿತಾ ಹಾಲು ಕಾಯಿಸಿ ಲೋಟಗಳನ್ನು ಸಾಲಾಗಿಟ್ಟಳು. ಅತ್ತೆಗೆ, ಮೈದುನನಿಗೆ, ತನಗೆ. ಒಂದು ಹೆಚ್ಚಾದೀತು ಎಂದು ಕಾದಿದ್ದಳು. ಆಗಲಿಲ್ಲ. ಕೈ ಆಗಲೇ ಕಲಿತುಬಿಟ್ಟಿತ್ತು.

ಮೈದುನ ರಿತೇಶ್ ಚೀಲ ಹಿಡಿದು ಮಾರುಕಟ್ಟೆಗೆ ಹೊರಟ. ಅಣ್ಣನ ಎಲೆಗೆ ಅಂಜಲ್ ಮೀನು ತರಬೇಕೆಂದು ಅತ್ತೆ ರತ್ನಾವತಿ ಹಿಂದಿನ ದಿನವೇ ಹೇಳಿಟ್ಟಿದ್ದರು. ಸೂತಕ ಕಳೆದ ಮೇಲೆ ಮನೆಯೊಳಗೆ ಬರುವ ಮೊದಲ ಮೀನು ಸತ್ತವನಿಗೆ. ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚಬೇಕು. ಅವನು ಉಂಡೆದ್ದ ಮೇಲೆ ಮನೆಯವರು ಆ ಎಲೆಯದನ್ನೇ ಹಂಚಿಕೊಂಡು ತಿನ್ನಬೇಕು. ಅಲ್ಲಿಗೆ ಉಪ್ಪುಖಾರದ ಲೋಕಕ್ಕೆ ಮರಳಿದಂತೆ.

ನಿಶ್ಮಿತಾ ಫ್ರಿಜ್ಜಿನ ಮೇಲಿನ ಬಾಗಿಲು ತೆರೆದಳು. ಐಸ್ ಟ್ರೇಗಳ ಹಿಂದೆ, ಮರಾಠಿ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ, ಬಾಲ ಮಡಚಿದ ಮೊಳದುದ್ದದ ಮೀನು ಇತ್ತು. ಅದು ಅಲ್ಲಿರುವುದು ಅವಳಿಗೊಬ್ಬಳಿಗೇ ಗೊತ್ತು. ಸೂತಕದ ದಿನಗಳುದ್ದಕ್ಕೂ ಅದರ ಕೆಳಗಿನ ಅರೆಯಿಂದಲೇ ಮೊಸರು ತೆಗೆದಿದ್ದಳು, ಮುಟ್ಟಿರಲಿಲ್ಲ.

ಅವಳು ಕಾರವಾರದಲ್ಲಿ ಕಡಲಜೀವಿಗಳ ಎಂಎಸ್ಸಿ ಓದಿದವಳು. ಮದುವೆಯಾದ ಹೊಸತರಲ್ಲಿ ಗಂಡ ಜಯಶೀಲನಿಗೆ ಒಮ್ಮೆ ಹೇಳಿದ್ದಳು: ನಮ್ಮ ಲ್ಯಾಬಿನಲ್ಲಿ ಒಂದು ಜಾಡಿಯಲ್ಲಿ ಬೊನಿಟೊ ಮೀನು ಇತ್ತು, ಕೇದರದ, ಅಂದರೆ ಟ್ಯೂನಾದ, ದಾಯಾದಿ, ನಮ್ಮ ಕಡೆ ಸಿಗುವುದು ಅಪರೂಪ, ಜಾಡಿಯ ಹೊರಗೆ ನಾನು ಕಂಡದ್ದಿಲ್ಲ. ಅಷ್ಟೇ ಹೇಳಿದ್ದು. ಘೋಡಬಂದರ್ ರಸ್ತೆಯ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದ ಅವನು ಅಂದಿನಿಂದ ವಾರದ ರಜೆ ಬಂತೆಂದರೆ ಉರಣ್ ಕಡೆಯ ಕರಂಜಾ ಬಂದರಿಗೆ ಹೋಗಿ, ಇಲ್ಲಿನ ಮಾರುಕಟ್ಟೆಯಲ್ಲಿ ಮೀನು ಮಾರುವ ಚಂದ್ರಬಾಯಿಯ ತಮ್ಮನ ದೋಣಿ ಹತ್ತುತ್ತಿದ್ದ. ಪ್ರತಿ ಸಲವೂ ಒಂದು ಕೇದರ ತಂದು ಅಡುಗೆಕಟ್ಟೆಯ ಮೇಲೆ ಇಡುತ್ತಿದ್ದ.

"ಇದು ಅದಾ?"

"ಅಲ್ಲ. ಎದೆಯ ಕೆಳಗೆ ಚುಕ್ಕೆ ನೋಡಿ."

ಒಮ್ಮೆ ಹೊಟ್ಟೆಯ ಮೇಲೆ ಗೆರೆಯಿದ್ದ ಮೀನು ತಂದ. ಅದೂ ಅಲ್ಲ. ಗೆರೆ ಬೆನ್ನಿನ ಮೇಲಿರಬೇಕು, ನೇರವಾಗಿ, ಬಾಯಲ್ಲಿ ಚೂಪು ಹಲ್ಲಿರಬೇಕು ಎಂದು ಅವಳು ಪಾಠ ಹೇಳಿದಳು. "ಹುಡುಗಿ ನೋಡುವಾಗ ನಮ್ಮಮ್ಮ ಇಷ್ಟು ಪರೀಕ್ಷೆ ಮಾಡ್ಲಿಲ್ಲ" ಎಂದ ಅವನು.

ಕೊನೆಯ ಸಲ ಅವನು ದೋಣಿ ಹತ್ತಿದಾಗ ಅವಳು ತಂಗಿಯ ಸೀಮಂತಕ್ಕೆಂದು ಮೂಲ್ಕಿಗೆ ಹೋಗಿದ್ದಳು. ಸಂಜೆ ಅವನ ಫೋನು ಬಂತು.

"ಬೆನ್ನಿನ ಮೇಲೆ ಗೆರೆ ಉಂಟು ಮಾರಾಯ್ತಿ. ಸ್ಕೇಲಿಟ್ಟು ಎಳೆದ ಹಾಗೆ."

"ಹೋದ ಸಲವೂ ಹೀಗೇ ಹೇಳಿದ್ರಿ."

"ಹೋದ ಸಲ ನಾನು ಕುಡಿದಿದ್ದೆ. ಈ ಸಲ ಚಂದ್ರಬಾಯಿಯ ತಮ್ಮ ಕುಡಿದಿದ್ದ, ಚುಕ್ಕಾಣಿ ಹಿಡಿದದ್ದೇ ನಾನು."

ಹಕ್ಕಿಗಳು ನೀರಿಗೆ ಬೀಳುತ್ತಿದ್ದ ಕಡೆ ದೋಣಿ ತಿರುಗಿಸಿ, ಬಿಳಿ ಗರಿ ಕಟ್ಟಿದ ಗಾಳ ಹಿಂದಕ್ಕೆ ಬಿಟ್ಟಿದ್ದರಂತೆ. ಮೀನು ಎಳೆದ ರಭಸಕ್ಕೆ ದಾರ ಬೆರಳು ಕೊಯ್ದಿತಂತೆ. ಹಲಗೆಗೆ ಬಿದ್ದ ಮೇಲೂ ಅದರ ಬಾಲ ಚೆಂಡೆ ಬಾರಿಸುತ್ತಿತ್ತಂತೆ. ಚಂದ್ರಬಾಯಿಯಿಂದ ಪೆಟ್ಟಿಗೆ ಕೇಳಿ ತಂದು ಐಸ್ ತುಂಬಿಸಿಯೇ ಇಟ್ಟಿದ್ದೆ, ಈಗ ಫ್ರಿಜ್ಜಿಗೆ ಹಾಕಿದ್ದೇನೆ, ನೀನು ಹೇಳಿದ ಹಾಗೆ, ಎಂದ.

"ಹಲ್ಲು ನೋಡಿದ್ರಾ?"

"ಹಲ್ಲು ನೀನೇ ಬಂದು ನೋಡು. ಓದಿದ್ದು ನೀನಾ, ನಾನಾ?"

ಮರುದಿನ ಮಧ್ಯಾಹ್ನ ಘೋಡಬಂದರ್ ರಸ್ತೆಯಲ್ಲಿ ಟ್ರೇಲರ್ ಒಂದು ಅವನ ಸ್ಕೂಟರಿಗೆ ಬಡಿಯಿತು. ನಿಶ್ಮಿತಾ ಮತ್ಸ್ಯಗಂಧ ರೈಲಿನಲ್ಲಿ ಬಂದು ಠಾಣೆಯಲ್ಲಿ ಇಳಿದಾಗ ಎಲ್ಲ ಮುಗಿದಿತ್ತು. ಹೊದಿಸಿದ ಬಟ್ಟೆ ಸರಿಸಿ ಅವನ ಕೈ ನೋಡಿದಳು. ತೋರುಬೆರಳಿನಲ್ಲಿ ದಾರ ಕೊಯ್ದ ಗಾಯವಿತ್ತು. ಅದು ಮಾಯತೊಡಗಿತ್ತು.

ಈಗ ಮೀನನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟಳು. ಪೇಪರು ಕಿತ್ತು ಬಂತು. ಬಣ್ಣ ಮಾಸಿತ್ತು, ಗೆರೆ ಉಳಿದಿತ್ತು. ಬೆನ್ನಿನುದ್ದಕ್ಕೂ, ಒಂದರ ಕೆಳಗೊಂದು, ಬಾಲದ ಕಡೆ ತುಸು ಮೇಲೇರಿ. ಎದೆಯ ಕೆಳಗೆ ಚುಕ್ಕೆಯಿಲ್ಲ. ಹೊಟ್ಟೆ ಬಿಳುಪು. ಬಾಯಿಗೆ ಬೆರಳು ತೂರಿಸಿದಳು. ಹಲ್ಲು ಚುಚ್ಚಿತು.

ಅವಳು ತಲೆಯೆತ್ತಿ "ಹೌದು" ಎಂದಳು. ಅಡುಗೆಮನೆಯಲ್ಲಿ ಕುಕ್ಕರಿತ್ತು, ಗ್ಯಾಸಿತ್ತು.

"ಯಾರತ್ರ ಮಾತಾಡುದು?" ಎನ್ನುತ್ತ ಬಂದ ರತ್ನಾವತಿ ಸಿಂಕು ನೋಡಿ ನಿಂತರು. "ಇದೆಲ್ಲಿಂದ ಬಂತು? ರಿತೇಶ ಇನ್ನೂ ಬರ್ಲಿಲ್ಲ."

"ಅವರು ಹಿಡಿದದ್ದು. ಫ್ರಿಜ್ಜಲ್ಲಿತ್ತು."

"ಅಷ್ಟು ದಿನವೂ?"

"ಹೌದು."

ರತ್ನಾವತಿ ಗೋಡೆ ಹಿಡಿದು ಸ್ಟೂಲಿನ ಮೇಲೆ ಕೂತರು. "ಸೂತಕದ ಮನೆಯಲ್ಲಿ ಮೀನಿಟ್ಟುಕೊಂಡು ನಾವು ನೀರು ಬಿಟ್ಟದ್ದಾ? ಅವನು ಹೋಗುದು ಹೇಗೆ ಮಗಾ? ಕಾಲಿಗೆ ಹಗ್ಗ ಕಟ್ಟಿ ಹೋಗು ಅಂದ ಹಾಗೆ."

"ಒಂದು ತುಂಡು ಎಲೆಗೆ ಹಾಕ್ತೇನೆ ಅತ್ತೆ. ಒಂದೇ."

ಸತ್ತವರು ಉಣ್ಣಲು ಬರುತ್ತಾರೆಂದು ನಿಶ್ಮಿತಾ ಎಂದೂ ನಂಬಿದವಳಲ್ಲ. ಆದರೂ ಇದು ಅದಾ ಎಂದು ಅವನು ಕೇಳಿಹೋದ ಪ್ರಶ್ನೆಗೆ ಉತ್ತರ ತಲುಪಿಸಲು ಬೇರೆ ದಾರಿ ಅವಳಿಗೆ ತೋಚಲಿಲ್ಲ. ಎಲೆಯ ಮೇಲೆ ಅದು ಬಿದ್ದರೆ ಸಾಕಿತ್ತು.

"ಅದು ಕೇದರ. ನಂಜು. ಮೊದಲ ಎಲೆಗೆ ನಂಜು ಹಾಕುದುಂಟಾ?"

"ಕೇದರ ಅಲ್ಲ."

"ಎಂಥದೇ ಆಗ್ಲಿ. ಕಪ್ಪು ಮಾಂಸದ್ದೆಲ್ಲ ನಂಜೇ. ಅವನಿಗೆ ಅಂಜಲ್ ಅಂದ್ರೆ ಪ್ರಾಣ, ಸಣ್ಣದಿರುವಾಗಿಂದ. ನೀನು ಬಂದದ್ದು ನಿನ್ನೆ ಮೊನ್ನೆ."

ಆಗ ರಿತೇಶ್ ಒಳಗೆ ಬಂದ. ಠಾಣೆಯಲ್ಲೇ ಹುಟ್ಟಿದವನು, ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವವನು. ಸಿಂಕಿನತ್ತ ನೋಡಿ ಮೂಗು ಮುಚ್ಚಲಿಲ್ಲ, ಅಷ್ಟೇ. "ಭಾಭಿ, ಫೇಂಕ್ ದೋ ನಾ. ರೋಜ್ ಲೋಡ್‌ಶೆಡ್ಡಿಂಗ್ ಥಾ."

ಎಸೆದುಬಿಡಿ ಎನ್ನಲು ಅವನು ಕೊಟ್ಟ ಕಾರಣ ನಿಜ. ಆ ವರ್ಷ ದಿನವೂ ಕರೆಂಟು ಹೋಗುತ್ತಿತ್ತು. ಈ ಜಾತಿಯ ಮೀನು ತಂಪು ತಪ್ಪಿದರೆ ಒಳಗೊಳಗೇ ವಿಷವಾಗುತ್ತದೆ, ಆ ವಿಷ ವಾಸನೆಗೆ ಸಿಗುವುದಿಲ್ಲ, ಬೆಂಕಿಗೂ ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ ಮೈಯೆಲ್ಲ ಉರಿ ಏಳುತ್ತದೆ. ಅತ್ತೆ ನಂಜೆಂದದ್ದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಎಲೆಯದನ್ನು ಮನೆಯವರೂ ತಿನ್ನಬೇಕು. ಅವಳು ಮೀನನ್ನು ಮತ್ತೆ ಫ್ರಿಜ್ಜಿಗಿಟ್ಟಳು.

ಅಂಜಲ್ ಹುರಿದು ರತ್ನಾವತಿಯೇ ಬಡಿಸಿದರು. ಬಾಗಿಲು ಮುಚ್ಚಿ ಮೂವರೂ ಹೊರಗೆ ನಿಂತರು. ಸ್ವಲ್ಪ ಹೊತ್ತು ಬಿಟ್ಟು ರತ್ನಾವತಿ ಬಾಗಿಲು ತಟ್ಟಿದರು, ಒಳಗಿರುವವನಿಗೆ ಏಳಲು ಸಮಯ ಕೊಟ್ಟು ತೆರೆದರು. ಅನ್ನ ಇಟ್ಟ ಹಾಗೇ ಇತ್ತು. ಮೀನಿನ ಮಸಾಲೆಯ ಅಂಚು ಸಹ ಕದಲಿರಲಿಲ್ಲ.

ರತ್ನಾವತಿ ಬಗ್ಗಿ ನೋಡಿದರು. "ಒಂದು ಚೂರು ಕಮ್ಮಿ ಆಗಿದೆ, ಅಲ್ವಾ?"

"ಹೌದು" ಎಂದಳು ನಿಶ್ಮಿತಾ.

ರತ್ನಾವತಿ ಸೆರಗಿನಿಂದ ಬಾಯಿ ಒತ್ತಿಕೊಂಡರು. ಆ ಮಧ್ಯಾಹ್ನ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಅವರು ಮಲಗಿದ ಮೇಲೆ ನಿಶ್ಮಿತಾ ಬೊನಿಟೊದ ಒಂದು ತುಂಡಿಗೆ ಉಪ್ಪು, ಮೆಣಸು ಹಚ್ಚಿ ಕಾವಲಿಗೆ ಹಾಕಿದಳು. ಕಟ್ಟೆಯ ಬಳಿ ನಿಂತೇ ತಿಂದಳು. ಒಣ ಮಾಂಸ, ರಕ್ತದ ಒಗರು, ಅಲ್ಲಲ್ಲಿ ನಾರು. ಕೇದರಕ್ಕಿಂತ ಬೇರೆಯೇನಲ್ಲ. ತಿಂದು ಕೈ ತೊಳೆದು ಕಾದಳು. ಮುಖ ಬಿಸಿಯಾಗಲಿ, ಮೈ ಉರಿಯಲಿ, ಏನಾದರೂ ಆಗಲಿ ಎಂದು. ಕನ್ನಡಿಯಲ್ಲಿ ನೋಡಿದಳು. ಏನೂ ಆಗಲಿಲ್ಲ. ಮೀನು ಕೆಟ್ಟಿರಲಿಲ್ಲ. ಐಸ್ ಅವನು ಚೆನ್ನಾಗಿಯೇ ಹಾಕಿದ್ದ.

ಉಳಿದದ್ದನ್ನು ಕಟ್ಟಿ ಕಸದ ಡಬ್ಬಿಗೆ ಹಾಕಿದಳು. ತಲೆಯನ್ನು ಇಟ್ಟುಕೊಳ್ಳೋಣವೇ ಎಂದು ಅರೆಗಳಿಗೆ ಯೋಚಿಸಿದಳು. ಹಾಕಲು ಜಾಡಿಯಿರಲಿಲ್ಲ.

ಸಂಜೆ ಬಾಲ್ಕನಿಯಿಂದ ಚಂದ್ರಬಾಯಿಯ ಐಸಿನ ಪೆಟ್ಟಿಗೆ ಎತ್ತಿಕೊಂಡು ಮಾರುಕಟ್ಟೆಗೆ ಹೋದಳು. ಚಿಲಕ ಮುರಿದ ನೀಲಿ ಪೆಟ್ಟಿಗೆ. ತೊಳೆದ ಮೇಲೆ ಜಯಶೀಲ ಅದರ ಮುಚ್ಚಳವನ್ನು ಗಾಳದ ದಾರದಿಂದ ಬಿಗಿದು ಗಂಟು ಹಾಕಿದ್ದ. ಅವಳು ಬಿಚ್ಚಿರಲಿಲ್ಲ.

ಚಂದ್ರಬಾಯಿ ಅವಳ ಬರಿಗೊರಳು ನೋಡಿದಳು, ಕಣ್ಣು ತೆಗೆದಳು. "ಉದ್ಯಾ ದೇತೋ ಬೋಲ್ಲಾ ಹೋತಾ" ಎಂದಳು. ಪೆಟ್ಟಿಗೆ ನಾಳೆ ಕೊಡುತ್ತೇನೆ ಎಂದಿದ್ದನಂತೆ. ಸ್ವಲ್ಪ ಹೊತ್ತು ಬಂಗುಡೆಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದಳು. ಆಮೇಲೆ, "ಮಾಸಾ ಕೋಣ್ತಾ ನಿಘಾಲಾ? ಕುಪ್ಪಾಚ್ ನಾ?"

ಮೀನು ಯಾವುದೆಂದಾಯಿತು, ಕುಪ್ಪಾವೇ ತಾನೆ, ಎಂದು. ಕುಪ್ಪಾ ಎಂದರೆ ಕೇದರ. ನಿಶ್ಮಿತಾ ಅಲ್ಲವೆಂದು ತಲೆಯಾಡಿಸಿದಳು. "ನಹೀ ಬಾಯಿ. ವೋ ಬೋಲೇ ಥೇ, ವಹೀ ಥಾ." ಅವರು ಹೇಳಿದ್ದೇ ಆಗಿತ್ತು.

"ಅಸೂ ದೇ" ಎಂದಳು ಚಂದ್ರಬಾಯಿ, ಸಮಾಧಾನ ಮಾಡುವ ದನಿಯಲ್ಲಿ. ಇರಲಿ ಬಿಡು, ಪೇಟೆಯಲ್ಲಿ ಎರಡನ್ನೂ ಒಂದೇ ರಾಶಿಗೆ ಸುರಿಯುತ್ತಾರೆ.

ಚಂದ್ರಬಾಯಿ ಪೆಟ್ಟಿಗೆಯ ಗಂಟಿಗೆ ಉಗುರು ಹಾಕಿದಳು. ಅದು ಬಿಚ್ಚಿಕೊಳ್ಳಲಿಲ್ಲ. ಕತ್ತಿಯಿಂದ ದಾರ ಕೊಯ್ದು, ಪೆಟ್ಟಿಗೆಗೆ ಐಸ್ ಸುರಿದು, ಬಂಗುಡೆ ತುಂಬಿ ಮುಚ್ಚಳ ಒತ್ತಿದಳು. ಗಂಟಿನ ತುಂಡು ಮೀನಿನ ನೀರಿನೊಡನೆ ಮೋರಿಯತ್ತ ಹರಿಯಿತು. ಹಿಂದೆ ನಿಂತ ಗಿರಾಕಿ ಜಾಗ ಕೇಳಿದ. ನಿಶ್ಮಿತಾ ಸರಿದು ನಿಂತಳು.