ಏಳನೇ ಅಚ್ಚು

ಬೆಳಕು ಎಲ್ಲೂ ಎಡವಲಿಲ್ಲ, ಬಾಟಲಿಯ ಭುಜದ ಹತ್ತಿರ ಒಂದು ಸಣ್ಣ ಗುಳ್ಳೆ ಮಾತ್ರ, ಇರಲಿ, ಗುಳ್ಳೆಯಿಂದ ಯಾರೂ ಸಾಯುವುದಿಲ್ಲ, ತಳ ತಿರುಗಿಸಿ ಅಚ್ಚಿನ ನಂಬರ್ ನೋಡಿದೆ, ಹನ್ನೆರಡು, ಹನ್ನೆರಡನೇ ಅಚ್ಚು ಯಾವತ್ತೂ ಮರ್ಯಾದಸ್ಥ, ಪಕ್ಕಕ್ಕಿಟ್ಟೆ, ಮ್ಯಾನೇಜರ್ ಮತ್ತೆ ಗಡಿಯಾರ ನೋಡಿಕೊಂಡರು, ನೋಡಿಕೊಳ್ಳಲಿ, ನನ್ನ ಬಲಗೈಯಲ್ಲಿ ಮೊಹರು ಇದೆ, ತಪಾಸಣೆ ಮಾಡಲಾಗಿದೆ, ಕೆಳಗೆ ಹತ್ತೊಂಬತ್ತು, ನನ್ನ ಸಂಖ್ಯೆ, ಶಾಯಿ ಹಚ್ಚಿ ಅವರೇ ಕೈಗೆ ಕೊಟ್ಟದ್ದು, ಒತ್ತಮ್ಮಾ, ಒತ್ತಿಬಿಡು, ನಾನೂರು ಪೆಟ್ಟಿಗೆ, ಅರ್ಧ ಗಂಟೆ ಕೆಲಸ, ಎರಡು ಗಂಟೆಗೆ ಔಷಧಿ ಕಂಪನಿ ಗೇಟಿಗೆ ಮಾಲು ಸೇರಲಿಲ್ಲ ಅಂದ್ರೆ ಅವರು ಪ್ಲಾಸ್ಟಿಕ್ ಬಾಟಲಿಗೆ ಹೋಗ್ತಾರೆ, ಆಮೇಲೆ ಮಾಲೀಕರು ಕುಲುಮೆ ಆರಿಸಿ ಅಂತಾರೆ, ಗೊತ್ತಲ್ವಾ — ಗೊತ್ತು, ಈ ಗಾಜಿನ ಕಾರ್ಖಾನೆಯಲ್ಲಿ ಅದು ಗೊತ್ತಿಲ್ಲದ ಇಲಿಯೂ ಇಲ್ಲ, ಹೊರಗೆ ಲಾರಿಯ ಎಂಜಿನ್ ಗುರುಗುಟ್ಟುತ್ತಿದೆ, ಅದರಲ್ಲಿ ಕೂತಿರುವವನು ನನ್ನ ಗಂಡ, ನಾಲ್ಕು ತಿಂಗಳ ನಂತರ ಅವನಿಗೆ ಸಿಕ್ಕ ಮೊದಲ ಲೋಡು, ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಂಡ, ಲೋಡಿಗೆ ಹೋಗ್ತಿದೀಯೋ ಹೆಣ್ಣು ನೋಡೋಕೆ ಹೋಗ್ತಿದೀಯೋ ಎಂದು ಅತ್ತೆ ಕೇಳಿದರು, ಮೂವರೂ ನಕ್ಕೆವು, ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ, ಒತ್ತಿಬಿಡಬಹುದು, ಕೈ ಕೆಳಗಿಳಿದರೆ ಸಾಕು, ಆದರೆ ಹೋದ ತಿಂಗಳು ಕಂಡ ಆ ಎಳೆ ಮತ್ತೆ ಕಣ್ಣೆದುರು ಬಂತು, ಬಾಟಲಿಯ ಒಳಗೆ ಈ ಗೋಡೆಯಿಂದ ಆ ಗೋಡೆಗೆ ಗಾಜಿನದೇ ಒಂದು ಎಳೆ, ಕೂದಲಿನಷ್ಟು ತೆಳು, ಅಲುಗಿದರೆ ಮುರಿದು ಔಷಧಿಗೆ ಬೀಳುತ್ತದೆ, ಔಷಧಿಯಿಂದ ಚಮಚಕ್ಕೆ, ಚಮಚದಿಂದ ಯಾರದೋ ಮಗುವಿನ ಗಂಟಲಿಗೆ.

ಕುಲುಮೆ ಆರಬಾರದು, ಆರಿದರೆ ಒಳಗಿನ ಗಾಜು ಗಟ್ಟಿಯಾಗಿ ಕುಲುಮೆಯೇ ಬಿರಿಯುತ್ತದೆ, ಇನ್ನೊಂದು ಕಟ್ಟಿಸುವ ಮಾಲೀಕ ಇನ್ನೂ ಹುಟ್ಟಿಲ್ಲ, ಅದಕ್ಕೇ ಆರ್ಡರ್ ನಿಂತ ದಿನದಿಂದ ಬಾಟಲಿ ಮಾಡುವುದು, ಒಡೆಯುವುದು, ಚೂರನ್ನು ಮತ್ತೆ ಕುಲುಮೆಗೇ ಸುರಿಯುವುದು, ಅದೇ ಗಾಜು ದಿನಕ್ಕೊಂದು ಜನ್ಮ ಎತ್ತಿ ಬರುತ್ತಿತ್ತು, ಒಡೆಯುವ ಬಾಟಲಿಗೆ ತಪಾಸಣೆ ಯಾಕೆಂದು ನಮ್ಮಲ್ಲಿ ಹನ್ನೊಂದು ಜನರನ್ನು ಮನೆಗೆ ಕಳಿಸಿದರು, ಹಳಬಳೆಂದು ನನ್ನನ್ನು ಒಡೆಯುವ ಕಡೆ ಹಾಕಿದರು, ಅರ್ಧ ಸಂಬಳ, ಅತ್ತೆ ಒಡೆದ ಮಡಕೆಗೆ ಬೆಲೆ ಇಲ್ಲ ಅಂತಾರೆ, ಈಗ ನೋಡೇ, ಸೊಸೆ ಒಡೆದ್ರೆ ಸಂಬಳಾನೇ ಕೊಡ್ತಾರೆ, ಹಾಗೆಂದದ್ದು ಅತ್ತೆ, ಅವರ ಬಾಯಿಗೆ ಬಡತನ ಬಂದದ್ದಿಲ್ಲ, ಟೀವಿಯಲ್ಲಿ ಕೋಟು ಹಾಕಿದವನೊಬ್ಬ ದೇಶದ ಬೆಳವಣಿಗೆ ಶೇಕಡಾ ಒಂದೂವರೆ ಕುಸಿದಿದೆ ಎಂದ, ಒಂದೂವರೆ ಅಂದ್ರೆ ಎಷ್ಟೇ ಎಂದು ಗಂಡ ಕೇಳಿದ, ನೂರು ಲಾರಿಯಲ್ಲಿ ಒಂದೂವರೆ ನಿಂತಿದೆ ಅಂತ, ಆ ಒಂದು ನಿಂದು, ಅರ್ಧ ಯಾರದೋ ಪಾಪ, ಎಂದೆ, ದೇಶದ ಲೆಕ್ಕ ನನಗೆ ಕೋಟಿನವನು ಹೇಳಬೇಕಾಗಿಲ್ಲ, ಅಚ್ಚು ಬದಲಾದಾಗಲೇ ಗೊತ್ತಾಗುತ್ತದೆ, ಜನರ ಕೈಯಲ್ಲಿ ಕಾಸಾಡಿದರೆ ಸೆಂಟಿನ ಬಾಟಲಿ, ಜಾಮಿನ ಬಾಟಲಿ, ಕೈ ಬಿಗಿಯಾದರೆ ಔಷಧಿಯದು, ಸೆಂಟು ಬಿಡುತ್ತಾರೆ, ಜಾಮು ಬಿಡುತ್ತಾರೆ, ಕೆಮ್ಮು ಬಿಡುವುದಿಲ್ಲ, ನನ್ನ ಮದುವೆ ಆದದ್ದು ಸೆಂಟಿನ ವರ್ಷ, ಜಾಮಿನ ವರ್ಷ ಎರಡನೇ ಕೋಣೆ ಬಾಡಿಗೆಗೆ ಹಿಡಿದೆವು, ಅದಕ್ಕೆ ಕಿಟಕಿ ಇತ್ತು, ಈ ವರ್ಷ ಔಷಧಿ ಬಾಟಲಿಯ ಆರ್ಡರೂ ನಿಂತಿತು, ಇದ್ದಬದ್ದದ್ದನ್ನು ಪ್ಲಾಸ್ಟಿಕ್ ನುಂಗಿತು, ಕೋಣೆ ಬಿಟ್ಟೆವು, ಅತ್ತೆಯ ಮಂಚ ಅಡುಗೆಮನೆಗೆ ಬಂತು, ಎದ್ದರೆ ಒಲೆ, ಮಲಗಿದರೆ ಒಲೆ, ರಿಟೈರ್ ಆದ್ರೂ ಕುಲುಮೆ ನನ್ನ ಬಿಡಲಿಲ್ಲ ನೋಡು ಎಂದು ಗೋಡೆಯ ಕಡೆ ತಿರುಗಿ ಮಲಗಿದರು, ಈ ಬೆಳಕಿನ ಪರದೆಯ ಮುಂದೆ ಮೂವತ್ತು ವರ್ಷ ಕೂತವರು, ಹತ್ತೊಂಬತ್ತು ಮೊದಲು ಅವರದೇ ಸಂಖ್ಯೆ, ನನಗೆ ಒಡವೆ ಕೊಡಲಿಲ್ಲ, ಇದನ್ನು ಕೊಟ್ಟರು, ಬಾಟಲಿ ನೋಡ್ಬೇಡ ಕಣೇ, ಬೆಳಕು ನೋಡು, ಅದು ಎಲ್ಲಿ ಎಡವುತ್ತೋ ಅಲ್ಲಿ ತಪ್ಪಿದೆ, ಹದಿನಾಲ್ಕು ವರ್ಷ ನೋಡಿ ನೋಡಿ ಈಗ ಕಣ್ಣು ನನ್ನ ಮಾತು ಕೇಳುವುದಿಲ್ಲ, ಒಡೆಯುವ ಕಡೆ ಹಾಕಿದ ಮೇಲೂ ಕೈಗೆ ಬಂದದ್ದನ್ನು ಬೆಳಕಿಗೆ ಹಿಡಿಯದೆ ಎಸೆಯಲು ಆಗಲಿಲ್ಲ, ಜೊತೆಗೆ ಒಡೆಯುವವಳನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುವುದು, ಏನಕ್ಕಾ, ನೇಣಿಗೆ ಹೋಗೋನಿಗೆ ನೆಗಡಿ ಇದೆಯಾ ಅಂತ ನೋಡ್ತಿದೀಯಾ ಎಂದು ಬಿದ್ದು ಬಿದ್ದು ನಕ್ಕಳು, ನಗಲಿ, ಹಾಗೆ ನೋಡಿದ್ದಕ್ಕೇ ಹೋದ ತಿಂಗಳು ಎಳೆ ಕಂಡದ್ದು, ತಳ ತಿರುಗಿಸಿದರೆ ಏಳು, ಇನ್ನೊಂದರಲ್ಲಿ ಕಂಡಿತು, ಅದೂ ಏಳು, ಏಳನೇ ಅಚ್ಚಿನ ಎಂಟು ಹತ್ತು ಬಾಟಲಿಗೆ ಒಂದರಂತೆ, ಬೇರೆ ಯಾವ ಅಚ್ಚಿನಲ್ಲೂ ಇಲ್ಲ, ಅಚ್ಚು ಜೋಡಿಸುವ ಫಿಟ್ಟರನ ಹತ್ತಿರ ಹೋದೆ, ಒಡೆಯೋ ಬಾಟಲಿಗೆ ಅಚ್ಚು ಯಾಕೆ ಬದಲಾಯಿಸೋದು ಗೂಬೆಕಣ್ಣೀ, ಹೋಗು ಹೋಗು ಎಂದ, ಹೋದ ವಾರ ಮ್ಯಾನೇಜರಿಗೆ ಆರ್ಡರಿನ ವಾಸನೆ ಬಡಿಯಿತು, ಒಡೀಬೇಡಿ, ಪೆಟ್ಟಿಗೆಗೆ ತುಂಬಿಸಿ ಎಂದರು, ತುಂಬಿದ್ದು ಯಂತ್ರ, ಕಣ್ಣಿಲ್ಲದ್ದು, ಆರ್ಡರ್ ಬಂದೇಬಿಟ್ಟಿತು, ಮೊಹರು ಒತ್ತಲು ಉಳಿದವಳು ನಾನೊಬ್ಬಳೇ ಎಂದು ಮತ್ತೆ ಪರದೆಯ ಮುಂದೆ ಕೂರಿಸಿದರು, ಏಳನೇ ಅಚ್ಚು ಇನ್ನೂ ಅಲ್ಲೇ ತಿರುಗುತ್ತಿದೆ.

ಒತ್ತಲ್ಲ ಸಾರ್ — ಯಾರು ಹೇಳಿದ್ದು, ನಾನೇ, ಏಳನೇ ನಂಬರ್ ಎಲ್ಲಾ ತೆಗೀಬೇಕು, ತೆಗೆದ್ಮೇಲೆ ಒತ್ತೀನಿ, ಮ್ಯಾನೇಜರ್ ಕೂಗಾಡಲಿಲ್ಲ, ಕೂಗಾಡಿದ್ದರೆ ಸುಲಭವಿತ್ತು, ಮೆತ್ತಗೆ ಹೇಳಿದರು, ಮುನ್ನೂರು ಜನರ ಅನ್ನ ಕಣಮ್ಮಾ, ನಿನ್ನ ಗಂಡನೂ ಅದ್ರಲ್ಲೇ ಇದಾನೆ, ಇದಾನೆ ಸಾರ್, ನಮ್ಮತ್ತೆನೂ ಇದಾರೆ, ಕೆಮ್ಮಿಗೆ ಕುಡಿಯೋದು ಇದೇ ಬಾಟಲಿ ಔಷಧಿ, ಮಿಕ್ಕ ಹನ್ನೊಂದು ಅಚ್ಚಿಗೂ ನಾನು ಜವಾಬ್ದಾರಿ, ನಾಲ್ಕು ತಿಂಗಳು ನೋಡಿದೀನಿ, ಯಾರೂ ಹೇಳದೆ ನೋಡಿದೀನಿ, ಹೊಟ್ಟೆಗಿಲ್ಲದವಳಿಗೆ ಜಂಬ ಬೇರೆ ಎಂದುಕೊಂಡರೋ ಏನೋ, ಹೌದು, ಜಂಬವೇ, ಇಷ್ಟು ವರ್ಷ ದುಡಿದು ಉಳಿದದ್ದು ಇದೊಂದೇ, ಇದನ್ನೂ ಶಾಯಿಗೆ ಅದ್ದಿ ಕೊಡಬೇಕಾ, ಹನ್ನೆರಡರಲ್ಲಿ ಒಂದು ಭಾಗ ಸಾರ್, ಮೂತಿ ಕೆಳಗೆ ಮಾಡಿ ತುಂಬಿದೆ, ಮುಚ್ಚಳ ತೆಗೆದ್ರೆ ತಳದ ನಂಬರ್ ಮೇಲೇ ಕಾಣುತ್ತೆ, ಸಂಜೆಯೊಳಗೆ ಆಗುತ್ತೆ, ಸಂಜೆ ಅಲ್ಲಮ್ಮಾ, ಎರಡು ಗಂಟೆ ಅಂದಿದಾರೆ, ನೀನು ಹೇಳೋ ಆ ಎಳೆ ನಾನಂತೂ ನೋಡಿಲ್ಲ, ತೋರಿಸು, ಒಂದು ತೋರಿಸು — ಆಗ ಹೊರಗೆ ಎಂಜಿನ್ ನಿಂತಿತು, ಗಂಡನಿಗೆ ಕೇಳಿಸಿರಬೇಕು, ಬಾಗಿಲು ತೆರೆದೇ ಇತ್ತಲ್ಲ, ಡೀಸೆಲ್ ಉಳಿಸೋಣವೆಂದೂ ಇರಬಹುದು, ನಾನು ತಿರುಗಿ ನೋಡಲಿಲ್ಲ, ಕುಲುಮೆ ಕಾಯುವ ಉರಿಯಣ್ಣ ಬಂದು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ, ಒಂದು ಪೆಟ್ಟಿಗೆ ಎಳೆದುಕೊಂಡು ಪಟ್ಟಿ ಕಿತ್ತ, ಏಳು ಎಲ್ಲಿದೆಯಮ್ಮಾ, ಕನ್ನಡಕ ತಂದಿಲ್ಲ ಎಂದ, ಸುತ್ತಿಗೆ ಅವನ ಪಕ್ಕ ಕೂತಳು, ನೀನು ಬೆಂಕಿ ನೋಡ್ಕೋ ಹೋಗಣ್ಣಾ, ಒಂದಕ್ಕೂ ಏಳಕ್ಕೂ ವ್ಯತ್ಯಾಸ ಗೊತ್ತಾಗಲ್ಲ ನಿಂಗೆ, ಇನ್ನೂ ನಾನು ಒಂದನ್ನೂ ತೋರಿಸಿಲ್ಲ, ಇವರು ಕೂತೇಬಿಟ್ಟರು, ಈಗ ಅಳುವ ಹೊತ್ತಲ್ಲ, ಮೊದಲ ಏಳನ್ನು ಬೆಳಕಿಗೆ ಹಿಡಿದೆ, ಚೊಕ್ಕವಾಗಿದೆ, ಎರಡನೆಯದು, ಅದೂ ಚೊಕ್ಕ, ನೋಡಿದ್ಯಾ ಎಂದರು ಮ್ಯಾನೇಜರ್, ಮೊಹರಿನ ಶಾಯಿ ಒಣಗುತ್ತಿದೆ, ಮೂರು, ನಾಲ್ಕು, ಫಿಟ್ಟರ್ ಯಾವತ್ತಾದರೂ ನಾಚಿಕೊಂಡು ಸರಿಮಾಡಿಬಿಟ್ಟನಾ, ನಾನೇ ಹಟಕ್ಕೆ ಮೂರು ಕಾಸಿನ ಮರ್ಯಾದೆಗೆ ಮುನ್ನೂರು ಜನರನ್ನು ಬೀದಿಗೆ ತಂದೆನಾ, ಅತ್ತೆಯ ಮಂಚ ಅಡುಗೆಮನೆಯಿಂದ ಇನ್ನೆಲ್ಲಿಗೆ ಹೋಗುತ್ತದೆ, ಐದು, ಕಣ್ಣು ಮುಚ್ಚಿ ತೆರೆದೆ, ಬಾಟಲಿ ನೋಡ್ಬೇಡ ಕಣೇ, ಆರನೆಯದನ್ನು ನಿಧಾನವಾಗಿ ತಿರುಗಿಸಿದೆ, ಬೆಳಕು ಒಳಗೆ ಬಂತು, ನಡೆಯಿತು, ನಡೆಯಿತು, ಎಡವಿತು. ಬಾಟಲಿಯನ್ನು ಮ್ಯಾನೇಜರ ಕಣ್ಣಿನ ಎತ್ತರಕ್ಕೆ ಹಿಡಿದೆ, ಅವರು ಬಗ್ಗಿದರು, ಉಸಿರು ತಾಗಿ ಗಾಜು ಮಂಜಾಯಿತು, ತೋಳಿನಿಂದ ಒರೆಸಿ ಮತ್ತೆ ನೋಡಿದರು, ನನ್ನ ಮಗಳಿಗೂ ಕೆಮ್ಮು ಎಂದರು, ನನಗೆ ಹೇಳಿದ್ದಲ್ಲ, ಯಾರಿಗೋ, ಆಮೇಲೆ ಫೋನ್ ತೆಗೆದು ಹೊರಗೆ ಹೋದರು, ಎರಡು ಗಂಟೆಗೆ ಆಗಲ್ಲ, ಸಂಜೆ ಕಳಿಸ್ತೀವಿ, ಕೇಳಿ, ಯಾಕೆ ಅಂತ ಕೇಳಿ — ಔಷಧಿ ಕಂಪನಿಯವರು ಏನೆಂದರೋ ಕೇಳಿಸಲಿಲ್ಲ, ನನ್ನ ಕೈ ಇನ್ನೂ ಮೇಲೆಯೇ ಇದೆ, ಇಳಿಸಲು ಮನಸ್ಸಿಲ್ಲ, ಎಳೆ, ಈ ಗೋಡೆಯಿಂದ ಆ ಗೋಡೆಗೆ, ಬೆಳಕು ಬಿದ್ದಾಗ ಮಾತ್ರ ಕಾಣುವ, ಕೂದಲಿನಷ್ಟು ತೆಳು, ಮುರಿಯದೆ ನಿಂತ ಒಂದು ಎಳೆ